ನಮ್ಮಪ್ಪನಿಗೆ ಓದೋಕೆ ಬರುತ್ತೆ

ಇವತ್ತು ಹಾಸನದ ಒಂದು ಬ್ಯಾಂಕಿನಲ್ಲಿ ಆದದ್ದನ್ನು ಬರೆಯದಿದ್ದರೆ ನನಗೆ ನಿದ್ದೆ ಬರಲ್ಲ.

ನಮ್ಮದು ಬೇಲೂರು ತಾಲ್ಲೂಕು. ಎರಡು ಎಕರೆ ಕಾಫಿ, ಜೊತೆಗೆ ಸ್ವಲ್ಪ ಮೆಣಸು, ಶುಂಠಿ. ಅಪ್ಪ ಓದಿದ್ದು ಏಳನೇ ಕ್ಲಾಸು. ಆದರೆ ಪೇಪರ್ ಒಂದಕ್ಷರ ಬಿಡದೆ ಓದುತ್ತಾರೆ. ಪಹಣಿಯ ಹನ್ನೊಂದನೇ ಕಾಲಂನಲ್ಲಿ ಸಾಲದ ವಿವರ ಸರಿಯಾಗಿ ಏರಿದೆಯಾ ಅಂತ ಬೆರಳಿಟ್ಟು ನೋಡುವವರು.

ಬೆಳೆ ಸಾಲ ಕಟ್ಟಿ ನವೀಕರಿಸಿಕೊಳ್ಳಿ ಅಂತ ಬ್ಯಾಂಕಿನಿಂದ ಕಾಗದ ಬಂದಿದೆ. ಒಂದೂವರೆ ಪುಟ, ಪೂರ್ತಿ ಇಂಗ್ಲಿಷ್. ಅಪ್ಪನಿಗೆ ಗುರುತು ಸಿಕ್ಕಿದ್ದು ತಮ್ಮ ಹೆಸರು, ಖಾತೆ ನಂಬರ್ ಅಷ್ಟೇ. ಮಗ ಬಂದಾಗ ಕೇಳೋಣ ಅಂತ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟರು. ನಾನು ಊರಿಗೆ ಬರುವಷ್ಟರಲ್ಲಿ ತಾರೀಖು ದಾಟಿತ್ತು. ಹೊತ್ತಿಗೆ ಕಟ್ಟಿದ್ದರೆ ಶೇ. 4ರ ಬಡ್ಡಿಯಲ್ಲಿ ಮುಗಿಯುತ್ತಿತ್ತು. ಆ ರಿಯಾಯಿತಿ ಹೋಯಿತು.

"ಓದಕ್ಕೆ ಬರದಿದ್ರೆ ಯಾರನ್ನಾದ್ರೂ ಕೇಳಬೇಕಿತ್ತು ಯಜಮಾನ್ರೇ" ಅಂದರು ಕೌಂಟರಿನವರು. ಎಲ್ಲರಿಗೂ ಕೇಳುವ ಹಾಗೆ. ಅಪ್ಪ ಮಾತಾಡಲಿಲ್ಲ. ಹೆಗಲ ಟವೆಲ್ ತೆಗೆದು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು.

ಅಷ್ಟು ಸಾಲದು ಅಂತ ಕ್ಯೂನಲ್ಲಿದ್ದ ಒಬ್ಬರು ಶುರು ಮಾಡಿದರು. "ಸುಮ್ನೆ ರಾಜ್ಯಕ್ಕೆಲ್ಲ ಇಂಗ್ಲಿಷನ್ನೇ ಆಡಳಿತ ಭಾಷೆ ಮಾಡ್ಬಿಡಬೇಕು ಸಾರ್. ನಾಗಾಲ್ಯಾಂಡ್‌ನಲ್ಲಿ ಮಾಡಿಲ್ವಾ?"

ಮಾಡಿದ್ದಾರೆ, 1967ರಲ್ಲೇ. ಅಲ್ಲಿ ಒಂದೊಂದು ಬುಡಕಟ್ಟಿಗೆ ಒಂದೊಂದು ಭಾಷೆ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದು ಕಷ್ಟ. ಅವರ ಕಷ್ಟಕ್ಕೆ ಅವರೊಂದು ದಾರಿ ಹುಡುಕಿಕೊಂಡರು. ನಮಗೇನು ಬಂದಿದೆ ಅಂಥದ್ದು? ಆ ಕೌಂಟರಿನ ಆಚೆ ಈಚೆ ಇದ್ದವರೆಲ್ಲ ಆಡುತ್ತಿದ್ದದ್ದು ಕನ್ನಡ. ಅಪ್ಪನಿಗೆ ಬುದ್ಧಿ ಹೇಳಿದ್ದು ಕನ್ನಡದಲ್ಲಿ. ಸಾಲದ ಕಾಗದ ಮಾತ್ರ ಯಾಕೆ ಇಂಗ್ಲಿಷಿನಲ್ಲಿ?

ಕನ್ನಡ ಆಡಳಿತ ಭಾಷೆ ಅಂತ ಕಾನೂನಾಗಿದ್ದು 1963ರಲ್ಲಿ. ಅದು ರಾಜ್ಯ ಸರ್ಕಾರಕ್ಕೆ, ಬ್ಯಾಂಕಿಗಲ್ಲ ಅಂತಾರೆ. ಸರಿ, ಗ್ರಾಹಕರಿಗೆ ಕೊಡುವ ಫಾರಂ, ಪುಸ್ತಿಕೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆಯಲ್ಲ? ಅದಕ್ಕೇನು ಉತ್ತರ?

ಹಳೆಯ ಕನ್ನಡ ಶಾಸನ ಸಿಕ್ಕ ಹಲ್ಮಿಡಿ ಇರುವುದು ನಮ್ಮ ತಾಲ್ಲೂಕಿನಲ್ಲೇ. ಆ ಶಾಸನ ಸುಮಾರು ಕ್ರಿ.ಶ. 450ರದ್ದು. ಅದರಲ್ಲಿರುವುದೂ ಭೂಮಿಯ ವಿಷಯವೇ, ಯುದ್ಧದಲ್ಲಿ ಗೆದ್ದ ವೀರನಿಗೆ ಊರು ಬಿಟ್ಟುಕೊಟ್ಟದ್ದು. ಆ ಕಾಲಕ್ಕೇ ಭೂಮಿಯ ವಿಷಯ ಕನ್ನಡದಲ್ಲಿ ಕಲ್ಲಿಗೆ ಬಿದ್ದ ನೆಲದಲ್ಲಿ, ಭೂಮಿ ಮೇಲಿನ ಸಾಲದ ಕಾಗದ ಓದಿಸಿಕೊಳ್ಳಲು ನಮ್ಮಪ್ಪ ಮಗನ ದಾರಿ ಕಾಯಬೇಕಾ?

ನನ್ನ ಅನ್ನ ಹುಟ್ಟುವುದು ಇಂಗ್ಲಿಷಿನಿಂದಲೇ. ಮಕ್ಕಳು ಚೆನ್ನಾಗಿ ಕಲಿಯಲಿ, ಬೇಡ ಅಂದವರ್ಯಾರು? ಆದರೆ ಅರವತ್ತೆಂಟು ವರ್ಷದ ರೈತನಿಗೆ ಅದು ಬರಲ್ಲ ಅಂತ ದಂಡ ಹಾಕಬೇಡಿ.

ಹೊರಗೆ ಬಂದ ಮೇಲೆ ಅಪ್ಪ ಕೇಳಿದ್ದು ಒಂದೇ. "ನನ್ನದೇ ತಪ್ಪಾಯ್ತೇನೋ?" ನನಗೆ ತಡೆಯಲಾಗಲಿಲ್ಲ. ವಾಪಸ್ ಒಳಗೆ ಹೋದೆ. ಇನ್ನು ಮುಂದೆ ನಮ್ಮ ಖಾತೆಯ ಎಲ್ಲ ಕಾಗದ ಕನ್ನಡದಲ್ಲಿ ಕಳಿಸಿ ಅಂತ ಅರ್ಜಿ ಬರೆದೆ. ಕೆಳಗೆ ಅಪ್ಪ ಕನ್ನಡದಲ್ಲಿ ಸಹಿ ಹಾಕಿದರು. ನಕಲು ಪ್ರತಿಗೆ ಸೀಲ್ ಹಾಕಿಸಿಕೊಂಡೇ ಬಂದೆವು.