ಯಾವಾಗ ಆರಾಮ ತಗೋತೀರಿ ಅಂತ ದಿನಾ ಕೇಳಬೇಡಿ

ನನಗೀಗ 57. ಹುಬ್ಬಳ್ಳಿ ಗೋಕುಲ ರೋಡಿನ ಒಂದು ವರ್ಕ್‌ಶಾಪಿನಲ್ಲಿ ಟರ್ನರ್, ಅಂದರೆ ಲೇತ್ ಮಷೀನಿನಲ್ಲಿ ಲೋಹ ಕಡಿಯುವವನು. ಚಸ್ಮಾ ಬಂದಿದೆ ಅಷ್ಟೇ, ಕೈ ಇನ್ನೂ ನಡುಗಿಲ್ಲ. ಆದರೂ ಮ್ಯಾನೇಜರ್ ಎದುರು ಸಿಕ್ಕಾಗಲೆಲ್ಲ ಒಂದೇ ಮಾತು: "ಕಾಕಾ, ಇನ್ನೆಷ್ಟ ದಿನಾ ದುಡೀತೀರಿ? ಆರಾಮ ತಗೋರಿ." ಇದು ಕಾಳಜಿ ಅಲ್ಲ. ಗೇಟು ತೋರಿಸೋದು.

ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಮಷೀನ್ ಬಂದಾಗ ಟ್ರೇನಿಂಗಿಗೆ ಹುಡುಗರನ್ನಷ್ಟೇ ಕಳಿಸಿದರು. ನಾನೂ ಕಲಿಯುತ್ತೇನೆ ಅಂದೆ. "ಈಗ ನಿಮಗ್ಯಾಕ್ರೀ ಅದೆಲ್ಲ" ಅಂದರು. ಈಗ ಅವರೇ ಮೀಟಿಂಗಿನಲ್ಲಿ "ಕಾಕಾಗ ಸಿಎನ್‌ಸಿ ಬರಂಗಿಲ್ಲ" ಅಂತಾರೆ. ಕಲಿಸಿದ್ದರೆ ಬರುತ್ತಿತ್ತು ಅಲ್ವಾ? ಹೋದ ವಾರ ಅದೇ ಮಷೀನಿನಲ್ಲಿ ಬುಷ್‌ಗಳ (ಕೊಳವೆಯಂಥ ಬಿಡಿಭಾಗ) ತೂತಿನ ಒಳಗೆ ಗೆರೆ ಬಿದ್ದು ಸಾಲಾಗಿ ರಿಜೆಕ್ಟ್ ಆದವು. ಸದ್ದು ಕೇಳಿಯೇ ಹೇಳಿದೆ, ತೂತಿನ ಒಳಗೆ ಕಡಿಯುವ ಬೋರಿಂಗ್ ಬಾರ್ ಹಿಡಿಕೆಯಿಂದ ಹೊರಗೆ ಜಾಸ್ತಿ ಚಾಚಿದೆ, ಅದಕ್ಕೇ ಅದುರುತ್ತಿದೆ ಅಂತ. ಒಳಗೆ ಸರಿಸಿ ಬಿಗಿದರು, ಸರಿಹೋಯಿತು. ಅವತ್ತು ಯಾರೂ ನನ್ನ ವಯಸ್ಸು ಕೇಳಲಿಲ್ಲ.

ಬೇಸಿಕ್ ಅಂದರೆ ಮೂಲ ಸಂಬಳ, ಅದನ್ನ ಏರಿಸೋದನ್ನೂ ನಿಲ್ಲಿಸಿದ್ದಾರೆ. ಹೆಂಗೂ ಹೊಂಟೀರಲ್ಲ ಅಂತ. ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಟಿ ಲೆಕ್ಕ ಕೊನೆಯ ಸಂಬಳದ ಮೇಲೆ, ದುಡಿದ ವರ್ಷಕ್ಕೆ 15 ದಿನದ್ದು. ಬೇಸಿಕ್ ಏರದಿದ್ದರೆ ಅದಕ್ಕೂ ಹೊಡೆತ. ಪಿಎಫ್ ಪೆನ್ಶನ್ 58ಕ್ಕೆ. ಮೊದಲೇ ತಗೊಂಡರೆ ವರ್ಷಕ್ಕೆ ಶೇ 4 ಕಡಿತ, 60ರ ತನಕ ಕಾದರೆ ವರ್ಷಕ್ಕೆ ಶೇ 4 ಜಾಸ್ತಿ. 2014ರಲ್ಲಿ ಸರ್ಕಾರದವರು ಕನಿಷ್ಠ ಪೆನ್ಶನ್ ತಿಂಗಳಿಗೆ 1,000 ರೂಪಾಯಿ ಅಂತ ಮಾಡಿದರು. ಅದರಲ್ಲಿ ಏನು ಆರಾಮ ತಗೊಳ್ಳಲಿ?

ಕಂಪನಿಯವರಾಗಿ ಕೆಲಸದಿಂದ ತೆಗೆದರೆ ನೋಟಿಸ್ ಕೊಡಬೇಕು, ಪರಿಹಾರ ಕೊಡಬೇಕು. ನಾನೇ ಬೇಸತ್ತು ರಾಜೀನಾಮೆ ಬರೆದುಕೊಟ್ಟರೆ ಅದ್ಯಾವುದೂ ಇಲ್ಲ. ಅದಕ್ಕೇ ಈ ಚುಚ್ಚುಮಾತು.

ನಮ್ಮ ಫಿಟ್ಟರ್ ಒಬ್ಬರು ಹಾಗೇ ಹೋದರು. 60ರ ತನಕ ಇರಬೇಕು, ಮನೆ ಸಾಲ ತೀರಿಸಬೇಕು ಅಂತಿದ್ದ ಮನುಷ್ಯ. ಒಂದು ದಿನ ಸುಮ್ನೆ ಸ್ಟೋರಿಗೆ ಹಾಕಿದರು. ಮೊನ್ನೆ ಮೊನ್ನೆ ಸೇರಿದ ಹುಡುಗನ ಕೈಕೆಳಗೆ ನಟ್ಟು ಬೋಲ್ಟು ಎಣಿಸುವ ಕೆಲಸ. ಊಟದ ಹೊತ್ತಿಗೆ ನಮ್ಮ ಜೊತೆ ಕೂರೋದನ್ನೂ ಬಿಟ್ಟರು. ಆಮೇಲೆ ರಾಜೀನಾಮೆ ಬರೆದರು. ಶಾಲು, ಹಾರ, ಪೇಡೆ, ಫೋಟೋ ಎಲ್ಲ ಆಯಿತು. "ಅವರ ಇಚ್ಛಾ" ಅಂದರು ಮ್ಯಾನೇಜರ್. ಈಗ ಆ ಫಿಟ್ಟರ್ ಹುಬ್ಬಳ್ಳಿಯದೇ ತಾರಿಹಾಳದ ಒಂದು ಶೆಡ್ಡಿನಲ್ಲಿ ದಿನಗೂಲಿ. ಪಿಎಫ್ ಇಲ್ಲ, ಏನಿಲ್ಲ. ದುಡಿಯೋದು ಬೇಡವಾಗಿದ್ದರೆ ಅಲ್ಲಿಗೆ ಯಾಕೆ ಹೋಗುತ್ತಿದ್ದರು?

ನಾನಂತೂ ಬರೆದುಕೊಡಲ್ಲ. ನಾವು ಬೇಡವಾಗಿದ್ದರೆ ಬಾಯಿಬಿಟ್ಟು ಹೇಳಿ, ನೋಟಿಸ್ ಕೊಡಿ, ಲೆಕ್ಕ ಚುಕ್ತಾ ಮಾಡಿ. ಇಲ್ಲಾಂದ್ರೆ ನನ್ನ ಪಾಡಿಗೆ ಕೆಲಸ ಮಾಡಲು ಬಿಡಿ.