ರೋಮಿನಲ್ಲಿ ಕೈಮುಗಿದಾಗ

ರೋಮಿಗೆ ಬಂದ ಹೊಸತರಲ್ಲಿ ಭಾನುವಾರದ ಬಲಿಪೂಜೆಯಲ್ಲಿ, ಅಂದರೆ ನಮ್ಮ ಕಥೋಲಿಕ ಚರ್ಚಿನ ಮುಖ್ಯ ಆರಾಧನೆಯಲ್ಲಿ (ಮಾಸ್), ಒಂದು ಗಳಿಗೆ ನನಗೆ ತಬ್ಬಿಬ್ಬಾಗುತ್ತಿತ್ತು. ಒಬ್ಬರಿಗೊಬ್ಬರು ಶಾಂತಿ ಕೋರಿಕೊಳ್ಳಿ ಎಂದು ಗುರುಗಳು ಹೇಳಿದ ಕೂಡಲೇ ನಾನು ರೂಢಿಯಂತೆ ಕೈಮುಗಿಯುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದ ಅಜ್ಜಿ ಕೈಕುಲುಕಲು ಕೈ ಚಾಚಿರುತ್ತಿದ್ದರು. ನಾನೂ ಚಾಚುವಷ್ಟರಲ್ಲಿ ಅವರು ಹಿಂದಿನ ಸಾಲಿಗೆ ತಿರುಗಿಯಾಗಿರುತ್ತಿತ್ತು.

ನಮ್ಮ ಕಡೆಯಿಂದಲೇ ಬಂದು ಇಲ್ಲಿ ನೆಲೆಸಿದ ಒಬ್ಬರು ಆಗ ನನಗೆ ಬುದ್ಧಿ ಹೇಳಿದ್ದರು. "ಆರತಿ, ಅಗರಬತ್ತಿ, ಕೈಮುಗಿಯೋದು ಎಲ್ಲ ನಮ್ಮವರು ಆಮೇಲೆ ಸೇರಿಸಿಕೊಂಡಿದ್ದು ಕಣಪ್ಪ. ಅಸಲಿ ಪದ್ಧತಿ ಇಲ್ಲಿದೆ, ನೋಡಿ ಕಲಿ." ಬಹಳ ದಿನ ಅದನ್ನೇ ನಂಬಿದ್ದೆ. ಈಗ ನಂಬುವುದಿಲ್ಲ. ನನ್ನ ಮನಸ್ಸು ಬದಲಾಗಿದ್ದು ಇದೇ ಊರಿನ ಒಂದು ಚರ್ಚಿನಿಂದ.

ಕೊಲೊಸಿಯಮ್‌ನಿಂದ ನಡೆದೇ ಹೋಗಬಹುದಾದ ಸಾನ್ ಕ್ಲೆಮೆಂತೆ ಚರ್ಚು ಅದು. ಈಗ ಪೂಜೆ ನಡೆಯುವುದು 12ನೇ ಶತಮಾನದ ಕಟ್ಟಡದಲ್ಲಿ. ಮೆಟ್ಟಿಲಿಳಿದರೆ ಅದರ ಕೆಳಗೆ 4ನೇ ಶತಮಾನದ ಇನ್ನೊಂದು ಚರ್ಚು. ಅದಕ್ಕೂ ಕೆಳಗೆ ಮಿತ್ರ ದೇವರನ್ನು ಪೂಜಿಸುತ್ತಿದ್ದ ಹಳೆ ರೋಮನ್ನರ ಗುಡಿ. ಅಲ್ಲಿ ನಿಂತರೆ ಗೋಡೆಯಾಚೆ ನೀರು ಹರಿಯುವ ಸದ್ದು ಕೇಳುತ್ತದೆ.

ನಡುವಿನ ಅಂತಸ್ತಿನ ಗೋಡೆಯ ಮೇಲೆ 11ನೇ ಶತಮಾನದ ಕೊನೆಯ ಹೊತ್ತಿನ ಒಂದು ಚಿತ್ರವಿದೆ. ಈ ಚರ್ಚಿಗೆ ಹೆಸರು ಕೊಟ್ಟ ಸಂತ ಕ್ಲೆಮೆಂಟರನ್ನು ಕಟ್ಟಿ ಎಳೆದುಕೊಂಡು ಹೋಗಿ ಎಂದು ಸಿಸಿನ್ನಿಯಸ್ ಎಂಬ ಯಜಮಾನ ಆಳುಗಳಿಗೆ ಹೇಳುತ್ತಿದ್ದಾನೆ. ಆಳುಗಳು ಮಾತ್ರ ಸಂತರೆಂದು ತಿಳಿದು ಒಂದು ಕಂಬವನ್ನು ಎಳೆಯುತ್ತಿದ್ದಾರೆ. ಅವರವರ ಮಾತನ್ನು ಪಕ್ಕದಲ್ಲೇ ಬರೆದಿದ್ದಾರೆ. ಸಂತರ ಮಾತು ಲ್ಯಾಟಿನ್‌ನಲ್ಲಿದೆ. ಯಜಮಾನನ ಮಾತು ಬೀದಿಯ ಭಾಷೆಯಲ್ಲಿ, ಅದೂ ತಾಯಿಯನ್ನು ಎಳೆದು ತರುವಂಥ ಬೈಗುಳದಲ್ಲಿ. ಇಟಾಲಿಯನ್ ಆಡುಮಾತಿನ ತೀರಾ ಹಳೆಯ ಬರಹಗಳಲ್ಲಿ ಇದೂ ಒಂದು.

ದೇವರ ಮಾತಿಗೆ ಲ್ಯಾಟಿನ್, ಬೈಯಲು ಮನೆಮಾತು! ನೋಡುತ್ತಾ ನನಗೆ ಸಂಕಟವಾಯಿತು. ಈ ಊರಿನ ಜನಕ್ಕೇ ಬಲಿಪೂಜೆ ಅವರ ಮಾತಿನಲ್ಲಿ ಸಿಕ್ಕಿದ್ದು ಯಾವಾಗ ಗೊತ್ತಾ? 1965ರಲ್ಲಿ. ಆ ವರ್ಷ ಮಾರ್ಚ್ 7ರಂದು ಪೋಪ್ ಆರನೇ ಪೌಲ್ ಇಲ್ಲಿನ ಆಪ್ಪಿಯಾ ನುವೋವಾ ರಸ್ತೆಯ ಚರ್ಚಿನಲ್ಲಿ ಇಟಾಲಿಯನ್‌ನಲ್ಲಿ ಪೂಜೆ ಅರ್ಪಿಸಿದರು. ಜಗತ್ತಿನ ಕಥೋಲಿಕ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಜನರ ಭಾಷೆಗೆ ಬಾಗಿಲು ತೆರೆದಿತ್ತು. ಅದರ ಫಲ ಇದು. ಅಂದರೆ ರೋಮಿನವರೂ ನಮ್ಮವರೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ತಮ್ಮ ಭಾಷೆಗೆ ಬಂದವರು.

ಪಕ್ಕದ ಅಜ್ಜಿ ಒಮ್ಮೆ ಹೇಳಿದರು: ಅವರ ಅಮ್ಮ ಪೂಜೆ ಮುಗಿಯುವವರೆಗೂ ಜಪಸರ ಹಿಡಿದು ಕೂರುತ್ತಿದ್ದರಂತೆ. ಗಂಟೆ ಬಾರಿಸಿದಾಗ ಮಾತ್ರ ತಲೆ ಬಾಗಿಸುತ್ತಿದ್ದರಂತೆ. ಲ್ಯಾಟಿನ್ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ನಮ್ಮಜ್ಜಿ ತನ್ನ ಬಗ್ಗೆ ಹೇಳುತ್ತಿದ್ದುದೂ ಇದನ್ನೇ.

ಆ ಲ್ಯಾಟಿನ್ ಕೂಡ ಮೊದಲಿನಿಂದ ಇದ್ದದ್ದಲ್ಲ. ಮೊದಮೊದಲು ರೋಮಿನ ಕ್ರೈಸ್ತರ ಪೂಜೆ ಗ್ರೀಕಿನಲ್ಲಿ ನಡೆಯುತ್ತಿತ್ತು. ಗ್ರೀಕ್ ಬಲ್ಲವರು ಕಡಿಮೆಯಾದ ಮೇಲೆ, 4ನೇ ಶತಮಾನದ ಹೊತ್ತಿಗೆ, ಜನ ಆಡುವ ಮಾತೆಂದೇ ಲ್ಯಾಟಿನ್ ಬಂತು. ಪೂಜೆಯಲ್ಲಿ ಬರುವ 'ಕೀರಿಯೆ ಎಲೇಯಿಸೋನ್' (ಪ್ರಭುವೇ ಕರುಣಿಸು) ಗ್ರೀಕ್ ಮಾತು. ಆಮೆನ್, ಅಲ್ಲೆಲೂಯಾ ಹೀಬ್ರೂ ಮಾತುಗಳು. ಹೀಗಿರುವಾಗ ಅಸಲಿ ಯಾವುದು ಅಂತ ಎಲ್ಲಿ ಗೆರೆ ಎಳೆಯೋದು?

ಅದೇ ಸಾನ್ ಕ್ಲೆಮೆಂತೆ ಚರ್ಚಿನಲ್ಲಿ ಸಂತ ಸಿರಿಲ್ ಅವರ ಸಮಾಧಿಯಿದೆ. ಅಣ್ಣ ಮೆಥೋಡಿಯಸ್ ಜೊತೆ ಪೂರ್ವ ಯೂರೋಪಿನ ಸ್ಲಾವ್ ಜನರ ಭಾಷೆಗೆ ಲಿಪಿ ಕಟ್ಟಿ, ಪೂಜೆಯನ್ನೂ ಅದರಲ್ಲೇ ನಡೆಸಿದವರು. ದೇವರನ್ನು ಹೊಗಳಲು ಹೀಬ್ರೂ, ಗ್ರೀಕ್, ಲ್ಯಾಟಿನ್ ಮೂರೇ ತಕ್ಕ ಭಾಷೆಗಳು ಎಂದು ವೆನಿಸ್‌ನಲ್ಲಿ ಅವರ ಮೇಲೆ ಮುಗಿಬಿದ್ದಿದ್ದರು. ಪೋಪ್ ಎರಡನೇ ಏಡ್ರಿಯನ್ ಮಾತ್ರ ಸ್ಲಾವ್ ಭಾಷೆಯ ಆ ಪೂಜಾ ಪುಸ್ತಕಗಳನ್ನು ಹರಸಿದರು. 869ರಲ್ಲಿ ಸಿರಿಲ್ ಇಲ್ಲೇ ತೀರಿಕೊಂಡರು. ಆ ಸಮಾಧಿಯ ಮುಂದೆ ನಿಂತು ನಾನು ಕನ್ನಡದಲ್ಲೇ ಪ್ರಾರ್ಥಿಸಿದೆ. ಮತ್ತೆಲ್ಲೂ ಅಷ್ಟು ಧೈರ್ಯವಾಗಿ ಪ್ರಾರ್ಥಿಸಿದ ನೆನಪಿಲ್ಲ.

ಇನ್ನು ಕೈಮುಗಿಯುವುದು, ಆರತಿ, ಎಣ್ಣೆದೀಪ, ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರುವುದು. ಇವು ಯಾರೋ ಸುಮ್ನೆ ಸೇರಿಸಿಕೊಂಡದ್ದಲ್ಲ. ಭಾರತದ ಬಿಷಪ್ಪರು ಕೇಳಿದ 12 ಅಂಶಗಳಿಗೆ 1969ರ ಏಪ್ರಿಲ್‌ನಲ್ಲಿ ರೋಮೇ ಒಪ್ಪಿಗೆ ಕೊಟ್ಟಿತು. ಮುತ್ತಿಡುವ ಬದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಬಹುದು ಎಂಬುದೂ ಅದರಲ್ಲಿದೆ. ಸಂತ ಪೇತ್ರರ ಮಹಾದೇವಾಲಯದಲ್ಲಿ ಪೇತ್ರರ ಕಂಚಿನ ಮೂರ್ತಿಯ ಪಾದ ನೋಡಿದ್ದೀರಾ? ಮುಟ್ಟಿ ಮುಟ್ಟಿ, ಮುತ್ತಿಟ್ಟು ಮುತ್ತಿಟ್ಟು ಬೆರಳುಗಳೇ ಸವೆದು ನುಣ್ಣಗಾಗಿವೆ. ನನ್ನಮ್ಮ ಬಂದಿದ್ದಾಗ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಿಂದೆ ನಿಂತಿದ್ದ ಹೆಂಗಸು ಅದೇ ಪಾದ ಸವರಿ ತನ್ನ ಬೆರಳಿಗೆ ಮುತ್ತಿಟ್ಟಳು. ಭಕ್ತಿ ಒಂದೇ ಅಲ್ವಾ?

ಇಲ್ಲಿಂದ ನಾವು ಕಲಿಯಬೇಕಾದದ್ದೂ ಇದೆ. ಪೂಜೆಯಲ್ಲಿ ಪರಮಪ್ರಸಾದ (ಗುರುಗಳು ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸಿದ ಮೇಲಿನ ಮೌನ ನನಗೆ ತುಂಬಾ ಇಷ್ಟ. ನಮ್ಮಲ್ಲಿ ಆ ಹೊತ್ತಿನಲ್ಲೂ ಮೈಕು, ಹಾಡು ಜಾಸ್ತಿ. ಆದರೆ ಎಲ್ಲರೂ ಒಟ್ಟಿಗೆ ದನಿಗೂಡಿಸಿ ಹಾಡುವ ನಮ್ಮ ಚರ್ಚಿನ ಸುಖ ನನಗೆ ಇಲ್ಲಿ ಸಿಕ್ಕಿಲ್ಲ.

2020ರ ನವೆಂಬರ್ 29ರಿಂದ ಇಟಾಲಿಯನ್ ಪೂಜೆಯಲ್ಲಿ 'ನಮ್ಮ ತಂದೆಯೇ' ಪ್ರಾರ್ಥನೆಯ ಒಂದು ಸಾಲು ಬದಲಾಗಿದೆ. ಮೊದಲು 'ನಮ್ಮನ್ನು ಶೋಧನೆಗೆ (ಪಾಪದ ಸೆಳೆತಕ್ಕೆ) ನಡೆಸಬೇಡ' ಎಂದಿತ್ತು. ಈಗ 'ಶೋಧನೆಗೆ ನಮ್ಮನ್ನು ಬಿಟ್ಟುಬಿಡಬೇಡ' ಎಂದಾಗಿದೆ. ಪಕ್ಕದ ಅಜ್ಜಿ ಈಗಲೂ ಹಳೇ ಸಾಲನ್ನೇ ಹೇಳುತ್ತಾರೆ. ನನ್ನ ಮಗಳಿಗೆ ಹೊಸದು ಮಾತ್ರ ಗೊತ್ತು. ಬಲಿಪೂಜೆಯನ್ನು ಅವಳು ಇಟಾಲಿಯನ್‌ನಲ್ಲೇ ಕೇಳಿ ಬೆಳೆಯುತ್ತಿದ್ದಾಳೆ, ಬೆಳೆಯಲಿ. ರಾತ್ರಿಯ ಜಪಸರ ಮಾತ್ರ ಮನೆಯಲ್ಲಿ ಕನ್ನಡದಲ್ಲಿ. ಒಂದು ಹತ್ತು ಮಣಿ ನಾನು ಶುರುಮಾಡುತ್ತೇನೆ, ಮುಂದಿನ ಹತ್ತು ಅವಳು. 'ವರಪ್ರಸಾದ' ಎನ್ನುವಲ್ಲಿ ಅವಳ ನಾಲಿಗೆ ಇನ್ನೂ ತೊಡರುತ್ತದೆ. ಕಾಯುತ್ತೇನೆ, ಮತ್ತೆ ಹೇಳುತ್ತಾಳೆ.