ನೆರಳು ಬೇಕಾ, ಕರೆಂಟ್ ಬೇಕಾ
ವ್ಯಾನಲ್ಲೇ ಮನೆ, ವ್ಯಾನಲ್ಲೇ ಆಫೀಸು ಅಂದ್ರೆ ಎಲ್ರೂ "ಮಜಾ ಮಾಡ್ತಿದೀಯ ಬಿಡು" ಅಂತಾರೆ, ಒಂದ್ ಮಧ್ಯಾಹ್ನ ಬಂದು ಕೂತು ನೋಡ್ಲಿ. ಬಿಸಿಲಲ್ಲಿ ನಿಲ್ಸಿದ್ರೆ ಒಳಗೆ ಬೆಂದುಹೋಗ್ತೀವಿ, ಮರದ ಕೆಳಗೆ ನಿಲ್ಸಿದ್ರೆ ಸೋಲಾರ್ ಪ್ಯಾನೆಲ್ ಮೇಲೆ ಒಂದು ಕೊಂಬೆ ನೆರಳು ಬಿದ್ರೂ ಸಾಕು, ಚಾರ್ಜಿಂಗ್ ಠುಸ್. ಬ್ಯಾಟರಿ ಬೇರೆ ಹಳೇ ಲೆಡ್ ಆಸಿಡ್‌ದು, 100 ಆಂಪಿಯರ್ ಅವರ್ ಅಂತ ದೊಡ್ಡದಾಗಿ ಬರ್ಕೊಂಡಿದೆ, ಆದ್ರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದ್ರೆ ಅದರ ಆಯಸ್ಸೇ ಕಮ್ಮಿ ಆಗುತ್ತೆ, ಅಂದ್ರೆ ಕೈಗೆ ಸಿಗೋದು 50 ಅಷ್ಟೇ (ಅದೂ ಹೊಸದಿದ್ದಾಗ).

ಇವತ್ತು ಮೀಟಿಂಗಲ್ಲಿ ನಾನು ಬಾಯಿ ತೆಗೆಯೋದಕ್ಕೂ ಇನ್ವರ್ಟರ್ ಕೀಂ ಅಂತ ಕಿರುಚೋದಕ್ಕೂ ಸರಿಹೋಯ್ತು, ರೂಟರ್ ಆಫ್. ಹಾಳಾಗ್ಲಿ, ಮುಖನಾದ್ರೂ ತೊಳ್ಕೊಳ್ಳೋಣ ಅಂತ ನಲ್ಲಿ ತಿರುಗಿಸಿದ್ರೆ ಪಂಪೂ ಅದೇ ಬ್ಯಾಟರೀದು, ಗುರ್ ಅಂದು ಎರಡು ಹನಿ ಉಗುಳಿ ಸುಮ್ನಾಯ್ತು.